ಸುಣ್ಣದ ಗೆರೆ ಎಳೆದವರು

2020ರ ಜನವರಿ 25ರಂದು ಪದ್ಮ ಪ್ರಶಸ್ತಿಗಳ ಪಟ್ಟಿ ಪ್ರಕಟವಾದಾಗ ನಮ್ಮ ಕರಾವಳಿಯ ಮನೆಮನೆಗಳಲ್ಲಿ ಅದರದೇ ಮಾತು. ತಿಂಗಳ ಹಿಂದೆಯಷ್ಟೇ ನಮ್ಮನ್ನಗಲಿದ್ದ ಉಡುಪಿಯ ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥ ಸ್ವಾಮೀಜಿಯವರಿಗೂ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಅವರಿಗೂ ಮರಣೋತ್ತರವಾಗಿ ಪದ್ಮವಿಭೂಷಣ; ಕಿತ್ತಳೆ ಮಾರಿದ ಹಣದಿಂದ ಊರಿಗೊಂದು ಶಾಲೆ ತಂದ ಹರೇಕಳ ಹಾಜಬ್ಬರಿಗೆ ಪದ್ಮಶ್ರೀ. ಹೆಮ್ಮೆಪಡಲು ಇಷ್ಟು ಸಾಲದೇ? ಆದರೆ ಅದೇ ಪಟ್ಟಿಯಲ್ಲಿ ಕರ್ನಾಟಕದ ಇನ್ನೊಂದು ಹೆಸರಿತ್ತು. ನಮ್ಮ ಕಡೆ ಅದನ್ನು ಗಮನಿಸಿದವರು ಕಡಿಮೆ. ಆ ಹೆಸರು ಎಂ.ಪಿ. ಗಣೇಶ್ ಎಂಬುದು.

‘ಯಾರವರು?’ ಎಂದು ಮನೆಯಲ್ಲಿಯೇ ಪ್ರಶ್ನೆ ಬಂತು. ಮೇಷ್ಟ್ರ ಬುದ್ಧಿ ನೋಡಿ, ಪ್ರಶ್ನೆ ಬಂದ ಕೂಡಲೇ ಪಾಠ ಶುರುವಾಗುತ್ತದೆ. ಅಂದು ಊಟದ ಹೊತ್ತಿನಲ್ಲಿ ಹೇಳಿದ್ದನ್ನೇ ಇಂದು ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ. ಬರೆಯಲು ಇನ್ನೊಂದು ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಮೊಳ್ಳೇರ ಪೂವಯ್ಯ ಗಣೇಶ್ ಕೊಡಗಿನವರು, 1946ರಲ್ಲಿ ಹುಟ್ಟಿದವರು. ಅವರು ಮೊದಲು ಆಡಿದ್ದು ಫುಟ್‌ಬಾಲ್. 1960ರಿಂದ 1964ರವರೆಗೆ ಕೊಡಗು ಜಿಲ್ಲೆಯ ಪರವಾಗಿ ಕಾಲ್ಚೆಂಡಾಟ ಆಡಿದ ಹುಡುಗ ಅವರು. ಆಮೇಲೆ ಸೈನ್ಯಕ್ಕೆ ಸೇರಿದರು. ಅಲ್ಲಿ ಕೈಗೆ ಹಾಕಿ ಕೋಲು ಬಂತು. ಸರ್ವಿಸಸ್ ತಂಡದಿಂದ ಭಾರತ ತಂಡಕ್ಕೆ ಏರಿದರು. 1971ರಲ್ಲಿ ಬಾರ್ಸಿಲೋನಾದಲ್ಲಿ ನಡೆದ ಮೊತ್ತಮೊದಲ ವಿಶ್ವಕಪ್ ಹಾಕಿಯಲ್ಲಿಯೂ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿಯೂ ಕಂಚು ಗೆದ್ದ ತಂಡಗಳಲ್ಲಿ ಅವರಿದ್ದರು. 1973ರ ವಿಶ್ವಕಪ್ಪಿಗೆ ಅವರೇ ನಾಯಕರು. ಅದೇ ವರ್ಷದ ಅರ್ಜುನ ಪ್ರಶಸ್ತಿಯೂ ಅವರಿಗೆ ಸಂದಿತು.

ಆ 1973ರ ಫೈನಲ್ ನನ್ನ ವಯಸ್ಸಿನವರಿಗೆ ಮರೆಯುವಂಥದಲ್ಲ. ನಾನಾಗ ಹಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೆ. 1970ರಲ್ಲಿ ಮಣಿಪಾಲದಿಂದ ಆರಂಭವಾದ ‘ಉದಯವಾಣಿ’ ನಮ್ಮೂರಿನ ಒಂದು ಚಹಾ ಅಂಗಡಿಗೆ ಬರುತ್ತಿತ್ತು. ಊರಿಗೆಲ್ಲ ಅದೊಂದೇ ಪ್ರತಿ. ಹಾಲೆಂಡಿನ ಆಮ್‌ಸ್ಟೆಲ್‌ವೀನ್‌ನಲ್ಲಿ ಆತಿಥೇಯರ ಎದುರು ಪಂದ್ಯ. ಸುರ್ಜಿತ್ ಸಿಂಗ್ ಆರಂಭದಲ್ಲಿಯೇ ಎರಡು ಗೋಲು ಹೊಡೆದರು. ಹಾಲೆಂಡಿನವರು ಎರಡನ್ನೂ ತೀರಿಸಿದರು. ಹೆಚ್ಚುವರಿ ವೇಳೆಯಲ್ಲಿ ನಮಗೆ ದೊರೆತ ಪೆನಾಲ್ಟಿ ಸ್ಟ್ರೋಕ್ ಗೋಲಾಗಲಿಲ್ಲ. ಕೊನೆಗೆ ಟೈ ಬ್ರೇಕರ್‌ನಲ್ಲಿ 4–2ರಿಂದ ಸೋಲು. ಕಪ್ ಕೈಗೆ ಬಂದು ಜಾರಿಹೋಯಿತೆಂದು ಅಂಗಡಿಯ ಬೆಂಚಿನ ಮೇಲೆ ಕುಳಿತ ಹಿರಿಯರು ತಮ್ಮ ಮನೆಯದೇ ನಷ್ಟವೆಂಬಂತೆ ಮರುಗಿದರು.

ಎರಡು ವರ್ಷಗಳ ನಂತರ, 1975ರಲ್ಲಿ, ಕೌಲಾಲಂಪುರದಲ್ಲಿ ಅಜಿತ್‌ಪಾಲ್ ಸಿಂಗ್ ನಾಯಕತ್ವದ ತಂಡ ವಿಶ್ವಕಪ್ ಗೆದ್ದಿತು. ಆ ತಂಡದಲ್ಲಿ ಬಿ.ಪಿ. ಗೋವಿಂದ ಮತ್ತು ಪಿ.ಇ. ಕಾಳಯ್ಯ ಎಂಬ ಕೊಡಗಿನ ಇಬ್ಬರಿದ್ದರು, ಗಣೇಶ್ ಇರಲಿಲ್ಲ. ಗೆದ್ದವರ ಹೆಸರು ಉಳಿಯಿತು. ಕೈಯಳತೆಯಲ್ಲಿ ಸೋತ ತಂಡದ ನಾಯಕನನ್ನು ನೆನೆಯುವವರು ಎಷ್ಟು ಮಂದಿ?

ನನಗೆ ಮುಖ್ಯವಾಗಿ ಕಾಣುವುದು ಅವರ ಅನಂತರದ ಬದುಕು. ಆಟ ಮುಗಿದ ಮೇಲೆ ಗಣೇಶ್ ಆಟದ ಮೈದಾನವನ್ನು ಬಿಟ್ಟುಹೋಗಲಿಲ್ಲ. ಭಾರತ ತಂಡಕ್ಕೆ ತರಬೇತುದಾರರಾದರು. ಭಾರತೀಯ ಕ್ರೀಡಾ ಪ್ರಾಧಿಕಾರದ ಆಡಳಿತಕ್ಕೆ ಬಂದು ಅದರ ಕಾರ್ಯಕಾರಿ ನಿರ್ದೇಶಕರ ಸ್ಥಾನದವರೆಗೆ ಏರಿದರು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಬಳಿಕ, 1984ರಲ್ಲಿ ಹುಟ್ಟಿದ ಸಂಸ್ಥೆಯದು. ಪಟಿಯಾಲಾದ ಅರಮನೆಯಲ್ಲಿ 1961ರಲ್ಲಿ ಆರಂಭವಾಗಿದ್ದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯೂ 1987ರಲ್ಲಿ ಅದರೊಳಗೆ ಸೇರಿತು. ತರಬೇತಿ ಶಿಬಿರಗಳು, ವಸತಿನಿಲಯಗಳು, ಅಂಗಣಗಳ ನಿರ್ವಹಣೆ ಎಲ್ಲವೂ ಈ ಸಂಸ್ಥೆಯ ಹೊಣೆ. ಹೀಗೆ ಜಿಲ್ಲೆಗಾಗಿ ಫುಟ್‌ಬಾಲ್ ಆಡಿದ ಹುಡುಗನೊಬ್ಬ ದೇಶದ ಕ್ರೀಡೆಯನ್ನು ನಡೆಸುವ ಕುರ್ಚಿಯವರೆಗೆ ಬಂದ. 1973ರ ಅರ್ಜುನಕ್ಕೂ 2020ರ ಪದ್ಮಶ್ರೀಗೂ ನಡುವೆ 47 ವರ್ಷಗಳ ಅಂತರ. ಆ ನಡುವಿನ ಕೆಲಸಕ್ಕೆ ಚಪ್ಪಾಳೆ ತಟ್ಟಲು ಗ್ಯಾಲರಿಗಳೇ ಇರುವುದಿಲ್ಲ.

ಆಟಗಾರನೇ ಮುಂದೆ ಕ್ರೀಡಾ ನಿರ್ದೇಶಕನಾಗುವ ಈ ಪದ್ಧತಿ ಎಲ್ಲಿಂದ ಬಂತು? ಹುಡುಕುತ್ತ ಹೋದರೆ ಅದರ ಒಂದು ಎಳೆ ಅಮೆರಿಕದಿಂದ ಹೊರಟು ನಮ್ಮ ಕಾಪು–ಕಾರ್ಕಳದ ಶಾಲೆಗಳ ಅಂಗಳಕ್ಕೇ ಬಂದು ತಲಪುತ್ತದೆ. ಆ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ಅಮೋಸ್ ಅಲೊಂಜೊ ಸ್ಟ್ಯಾಗ್ ಎಂಬವರು ಯೇಲ್ ಕಾಲೇಜಿನ ಫುಟ್‌ಬಾಲ್ ಆಟಗಾರರು. ಇದು ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ನುಗ್ಗುವ ಅಮೆರಿಕದ ಆಟ. 1889ರಲ್ಲಿ ಇಡೀ ದೇಶದ ಕಾಲೇಜುಗಳಿಂದ ಆರಿಸಿದ ಮೊದಲ ಶ್ರೇಷ್ಠ ತಂಡದಲ್ಲಿ ಅವರ ಹೆಸರಿತ್ತು. 1892ರಲ್ಲಿ ಹೊಸದಾಗಿ ತೆರೆದ ಷಿಕಾಗೊ ವಿಶ್ವವಿದ್ಯಾನಿಲಯ ಅವರನ್ನು ಕ್ರೀಡಾ ವಿಭಾಗದ ನಿರ್ದೇಶಕರನ್ನಾಗಿ ಕರೆಯಿತು. ವಿಶೇಷವೇನೆಂದರೆ, ಇತರ ಅಧ್ಯಾಪಕರಿಗೆ ಸಮನಾದ ಸ್ಥಾನವನ್ನೇ ಅವರಿಗೆ ಕೊಟ್ಟಿತು. ಆಟ ಕಲಿಸುವವನೂ ಅಧ್ಯಾಪಕನೇ ಎಂದು ಒಂದು ದೊಡ್ಡ ವಿದ್ಯಾಸಂಸ್ಥೆ ಒಪ್ಪಿಕೊಂಡ ಗಳಿಗೆಯದು. ಎಪ್ಪತ್ತು ತುಂಬಿತೆಂದು ನಿವೃತ್ತಿಗೊಳಿಸುವವರೆಗೆ, ನಾಲ್ಕು ದಶಕಗಳ ಕಾಲ, ಅವರು ಅಲ್ಲಿದ್ದರು. ಆಮೇಲೆಯೂ ಸುಮ್ಮನಿರದೆ ಕ್ಯಾಲಿಫೋರ್ನಿಯಕ್ಕೆ ಹೋಗಿ ಇನ್ನೊಂದು ಕಾಲೇಜಿನಲ್ಲಿ ಕಲಿಸಿದರು. 1965ರಲ್ಲಿ ತೀರಿಕೊಂಡಾಗ ಅವರಿಗೆ 102 ವರ್ಷ.

ಅವರ ಹೆಸರಿನ ಕ್ರೀಡಾಂಗಣದ ಕಥೆಯೂ ಕುತೂಹಲದ್ದೇ. 1939ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯ ಆ ಫುಟ್‌ಬಾಲನ್ನೇ ಕೈಬಿಟ್ಟಿತು. ಖಾಲಿಯಾದ ಸ್ಟ್ಯಾಗ್ ಮೈದಾನದ ಗ್ಯಾಲರಿಯ ಕೆಳಗೆ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿಯವರ ತಂಡ ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಣಿ ಕ್ರಿಯೆಯನ್ನು ನಡೆಸಿತು. ಈ ಸಂಗತಿಯನ್ನು ತರಗತಿಯಲ್ಲಿ ಹೇಳಿದಾಗ ವಿಜ್ಞಾನಕ್ಕೆ ತೂಕಡಿಸುವವರೂ ಆಟಕ್ಕೆ ಮೂಗು ಮುರಿಯುವವರೂ ಒಟ್ಟಿಗೆ ಕಿವಿ ನೆಟ್ಟಗೆ ಮಾಡುತ್ತಿದ್ದರು. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಅದು ಹಾಗಿರಲಿ. ಷಿಕಾಗೊಗೆ ಹೋಗುವ ಮುನ್ನ ಸ್ಟ್ಯಾಗ್ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿದ್ದರು. ಅವರು ಅಲ್ಲಿ ಕಟ್ಟಿದ ತಂಡದಲ್ಲಿ ಜೇಮ್ಸ್ ನೈಸ್ಮಿತ್ ಆಡುತ್ತಿದ್ದರು. 1891ರ ಡಿಸೆಂಬರಿನ ಚಳಿಯಲ್ಲಿ ಹುಡುಗರನ್ನು ಒಳಾಂಗಣದಲ್ಲಿ ಆಡಿಸಲು ಎರಡು ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ತೂಗಿಸಿ ಬಾಸ್ಕೆಟ್‌ಬಾಲ್ ಆಟ ಹುಟ್ಟಿಸಿದವರು ಇದೇ ನೈಸ್ಮಿತ್. ಅದೇ ಸಂಸ್ಥೆಯಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಎಂಬವರು ಭಾರತಕ್ಕೆ ಬಂದು 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣ ಶಾಲೆಯೊಂದನ್ನು ತೆರೆದರು. ಇಂದಿನ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಅದುವೇ. 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ಹೋದ ಭಾರತ ತಂಡದ ಜೊತೆಗೂ ಬಕ್ ಹೋಗಿದ್ದರು. 1943ರಲ್ಲಿ ತೀರಿಕೊಂಡರು.

ನಮ್ಮ ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೂ ಮದರಾಸಿಗೇ ಸೇರಿತ್ತೆಂಬುದು ನಿಮಗೆ ಗೊತ್ತು. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದುದರಿಂದ ನಮ್ಮ ಹಿಂದಿನ ತಲೆಮಾರಿನ ಶಾಲೆಗಳಿಗೆ ಕಾನೂನು, ಪಠ್ಯ, ಪರೀಕ್ಷೆ ಎಲ್ಲವೂ ಬಂದದ್ದು ಮದರಾಸಿನಿಂದ; ಕಾಲಪಟ್ಟಿಯಲ್ಲಿ ‘ಡ್ರಿಲ್’ ಎಂಬ ಪೀರಿಯಡ್ಡೂ, ಅದಕ್ಕೊಬ್ಬ ಮಾಸ್ತರೂ ಬಂದದ್ದು ಆ ದಾರಿಯಲ್ಲಿಯೇ. ಊರವರ ಬಾಯಲ್ಲಿ ಅವರು ‘ಡ್ರಿಲ್ ಮಾಸ್ಟ್ರು’. ನಮ್ಮ ಕಾಲಕ್ಕೆ ‘ಪಿ.ಟಿ. ಮಾಸ್ಟ್ರು’, ಕಾಲೇಜಿನಲ್ಲಾದರೆ ‘ಪಿ.ಡಿ.’ ಹೆಸರು ಬೇರೆಯಾದರೂ ವಂಶ ಒಂದೇ. ಅಮೆರಿಕದಲ್ಲಿ ಆ ಕುರ್ಚಿಯಲ್ಲಿ ಕುಳಿತವರ ಕೈಯಲ್ಲಿ ಇಂದು ಕೋಟಿಗಟ್ಟಲೆ ಡಾಲರುಗಳ ಆಯವ್ಯಯವಿರುತ್ತದೆ. ನಮ್ಮವರ ಕೈಯಲ್ಲಿ ಒಂದು ಸೀಟಿ, ಒಂದು ಬೀಗದ ಕೈ, ಗಾಳಿ ನಿಲ್ಲದ ನಾಲ್ಕು ಚೆಂಡು.

ಕಾಪುವಿಗೂ ಉಡುಪಿಗೂ ನಡುವಿನ ಪ್ರೌಢಶಾಲೆಯೊಂದರಲ್ಲಿ ನಾನು ಬಿ.ಎಡ್. ಮುಗಿಸಿ ಹೊಸದಾಗಿ ಸೇರಿದಾಗ ಅಲ್ಲಿ ಅಂಥ ಒಬ್ಬರಿದ್ದರು. ಕಾಲೇಜು ದಿನಗಳಲ್ಲಿ ಒಳ್ಳೆಯ ಫುಟ್‌ಬಾಲ್ ಆಟಗಾರರು. ಮೊಣಕಾಲಿಗೆ ಪೆಟ್ಟುಬಿದ್ದು ಆಟ ನಿಂತ ಮೇಲೆ ದೈಹಿಕ ಶಿಕ್ಷಣದ ತರಬೇತಿ ಪಡೆದು ಶಾಲೆಗೆ ಬಂದವರು. ಅವರು ಈಗಿಲ್ಲ. ಹೆಸರನ್ನು ಬರೆಯುವುದಿಲ್ಲ; ಇದನ್ನು ಓದುವ ಹಳೆಯ ವಿದ್ಯಾರ್ಥಿಗಳಿಗೆ ಬರೆಯದೆಯೇ ತಿಳಿಯುತ್ತದೆ.

ಕ್ರೀಡಾಕೂಟದ ದಿನ ಬೆಳಗ್ಗೆ ಆರು ಗಂಟೆಗೆ ಮೈದಾನದಲ್ಲಿ ಅವರೊಬ್ಬರೇ. ಹಗ್ಗ ಹಿಡಿದು, ಗೂಟ ನೆಟ್ಟು, ಬಾಗಿ ಬಾಗಿ ಸುಣ್ಣದ ಗೆರೆ ಎಳೆಯುತ್ತಿದ್ದರು. ನಮ್ಮ ಕಡೆಯ ಮಳೆ ನಿಮಗೆ ಗೊತ್ತಲ್ಲ. ವಲಯ ಮಟ್ಟದ ಕ್ರೀಡಾಕೂಟಗಳು ಬರುವುದೂ ಆ ಮಳೆ ಬಿಟ್ಟೂಬಿಡದ ತಿಂಗಳುಗಳಲ್ಲಿಯೇ. ಎಳೆದ ಗೆರೆ ಅರ್ಧ ಗಂಟೆಯಲ್ಲಿ ತೊಳೆದುಹೋಗುತ್ತಿತ್ತು. ಅವರು ಮತ್ತೆ ಎಳೆಯುತ್ತಿದ್ದರು. ಉದ್ದ ಜಿಗಿತದ ಹೊಂಡಕ್ಕೆ ಕಡಲತಡಿಯಿಂದ ಹೊಯಿಗೆ ತರಿಸುತ್ತಿದ್ದರು. ಕಾರ್ಕಳದ ಕಡೆ ಪಂದ್ಯಕ್ಕೆ ಹೋದರೆ ಮುರಕಲ್ಲಿನ ಗಟ್ಟಿ ನೆಲ. ಬಿದ್ದವನ ಮೊಣಕಾಲಿನ ಚರ್ಮ ಅಲ್ಲಿಯೇ ಉಳಿಯುತ್ತಿತ್ತು. ಅದಕ್ಕೆಂದು ಅವರ ಚೀಲದಲ್ಲಿ ಹತ್ತಿ, ಡೆಟ್ಟಾಲ್ ಸದಾ ಸಿದ್ಧ. ಇವಲ್ಲದೆ ಪ್ರಾರ್ಥನೆಯ ಸಾಲು, ತಡವಾಗಿ ಬಂದವರ ವಿಚಾರಣೆ, ಸ್ವಾತಂತ್ರ್ಯ ದಿನದ ಪಥಸಂಚಲನ, ವಾರ್ಷಿಕೋತ್ಸವದ ಚಪ್ಪರ, ಯಾರಿಗೂ ಸೇರದ ಕೆಲಸಗಳೆಲ್ಲವೂ ಅವರಿಗೆ ಸೇರುತ್ತಿದ್ದವು. ಎಸ್ಸೆಸ್ಸೆಲ್ಸಿ ಹತ್ತಿರ ಬಂದಂತೆ ಅವರ ಪೀರಿಯಡ್ಡುಗಳು ಒಂದೊಂದಾಗಿ ಬೇರೆ ವಿಷಯಗಳ ಪಾಲಾಗುತ್ತಿದ್ದವು. ಅವರು ಜಗಳಕ್ಕೆ ನಿಲ್ಲುತ್ತಿರಲಿಲ್ಲ. ‘ಸಂಜೆ ನಾಲ್ಕೂವರೆಯ ನಂತರದ ಹೊತ್ತನ್ನು ಯಾರೂ ಕೇಳುವುದಿಲ್ಲ, ಅದು ನನಗೆ ಸಾಕು’ ಎನ್ನುತ್ತಿದ್ದರು.

ಒಮ್ಮೆ ಅವರು ಕಾಪುವಿನ ಕಡಲತಡಿಯಲ್ಲಿ ಒಬ್ಬ ಹುಡುಗನನ್ನು ಕಂಡರು. ದೋಣಿಯಿಂದ ಎಸೆಯುತ್ತಿದ್ದ ಮೀನಿನ ಬುಟ್ಟಿಗಳನ್ನು ಆತ ಮೊಣಕಾಲಿನ ನೀರಿನಲ್ಲಿ ನಿಂತು ಒಂದೂ ತಪ್ಪದಂತೆ ಹಿಡಿಯುತ್ತಿದ್ದ. ನಮ್ಮದೇ ಶಾಲೆಯ ಎಂಟನೆಯ ತರಗತಿಯವನು. ಎರಡು ತಿಂಗಳಿಂದ ಶಾಲೆಗೆ ಬಂದಿರಲಿಲ್ಲ. ಹಾಜರಿ ಪುಸ್ತಕದಲ್ಲಿ ನಮಗೆಲ್ಲ ಕಂಡದ್ದು ‘ಗೈರು’ ಎಂಬ ಗುರುತು. ಅವರಿಗೆ ಕಂಡದ್ದು ಗೋಲ್‌ಕೀಪರ್. ಅಂದೇ ಆತನ ತಂದೆಯ ಬಳಿ ಕುಳಿತು ಮಾತಾಡಿದರು. ಮಳೆಗಾಲದಲ್ಲಿ ದೋಣಿಗಳು ದಡ ಸೇರುವ ತಿಂಗಳುಗಳಲ್ಲಿ ಹುಡುಗ ತಪ್ಪದೆ ಶಾಲೆಗೆ ಬರಬೇಕು, ಉಳಿದ ದಿನ ಬೆಳಗ್ಗಿನ ಬಲೆ ಮುಗಿಸಿ ಬರಬಹುದು ಎಂದು ಒಪ್ಪಂದವಾಯಿತು. ಆ ಹುಡುಗ ಹತ್ತನೆಯ ತರಗತಿ ಪಾಸಾದ. ಮುಂದೆ ಪೊಲೀಸ್ ಇಲಾಖೆ ಸೇರಿದ. ಇಂದಿಗೂ ನನಗೆ ಹಬ್ಬದ ದಿನ ಫೋನ್ ಮಾಡುತ್ತಾನೆ.

ಇಂಥ ಕಣ್ಣು ಪುಸ್ತಕದಿಂದ ಬರುವುದಿಲ್ಲ, ಆಡಿದವರಿಗೆ ಬರುತ್ತದೆ. ಆದರೆ ಆಡಿದವರಿಗೆಲ್ಲ ಬರುವುದೂ ಇಲ್ಲ. ಆಡುವಾಗ ಕಣ್ಣು ಚೆಂಡಿನ ಮೇಲಿರಬೇಕು. ಆಡಿಸುವಾಗ ಚೆಂಡು ಸಿಗದೆ ನಿಂತವನ ಮೇಲಿರಬೇಕು. ಆಟಗಾರ ನಿರ್ದೇಶಕನಾಗುವುದೆಂದರೆ ಕಣ್ಣನ್ನು ಹೀಗೆ ತಿರುಗಿಸಿಕೊಳ್ಳುವುದೇ ಎಂದು ನಾನು ತಿಳಿದುಕೊಂಡಿದ್ದೇನೆ.

ಅವರ ಬಳಿ ಒಂದು ನೋಟು ಪುಸ್ತಕವಿತ್ತು. ತಂಡಕ್ಕೆ ಆಯ್ಕೆಯಾದವರ ಪಟ್ಟಿ ಸೂಚನಾ ಫಲಕದ ಮೇಲೆ ಬೀಳುತ್ತಿತ್ತು. ಆಯ್ಕೆಯಾಗದವರ ಪಟ್ಟಿ ಈ ಪುಸ್ತಕದಲ್ಲಿರುತ್ತಿತ್ತು. ಒಂದೊಂದು ಹೆಸರಿನ ಎದುರಿಗೂ ಒಂದೊಂದು ಕೆಲಸ: ಗೆರೆಯ ತೀರ್ಪು, ಅಂಕ ಬರೆಯುವುದು, ಔಷಧಿ ಪೆಟ್ಟಿಗೆ, ನೀರು, ಚೆಂಡಿನ ಲೆಕ್ಕ. ‘ಹನ್ನೊಂದು ಮಂದಿಗೆ ನಾನು ಬೇಕಾಗಿಲ್ಲ, ಅವರಿಗೆ ಚೆಂಡಿದೆ. ಉಳಿದವರು ಮನೆಗೆ ಹೋಗದಂತೆ ನೋಡಿಕೊಳ್ಳಲು ನನಗೆ ಸಂಬಳ’ ಎಂದು ಒಮ್ಮೆ ಹೇಳಿದ್ದರು.

ಈಗ ಮೊದಲೇ ಹೇಳಿದ ಆ ಇನ್ನೊಂದು ಕಾರಣಕ್ಕೆ ಬರುತ್ತೇನೆ. ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಫೋನ್ ಮಾಡಿದ. ಒಳ್ಳೆಯ ಹುದ್ದೆಯಲ್ಲಿರುವವನು. ಆತನ ಮಗ ಮಣಿಪಾಲದಲ್ಲಿ ಪದವಿ ತರಗತಿಯ ಕೊನೆಯ ವರ್ಷದಲ್ಲಿದ್ದಾನೆ. ಕಾಲೇಜಿನ ಫುಟ್‌ಬಾಲ್ ತಂಡದಲ್ಲಿಯೂ ಇದ್ದಾನೆ. ಪದವಿ ಮುಗಿದ ಮೇಲೆ ಬಿ.ಪಿ.ಎಡ್. ಮಾಡಿ ಕ್ರೀಡಾ ನಿರ್ದೇಶಕನಾಗುತ್ತೇನೆಂದು ಹಟ ಹಿಡಿದಿದ್ದಾನೆ. ‘ಸರ್, ಇಷ್ಟು ಓದಿಸಿದ್ದು ಪಿ.ಟಿ. ಮಾಸ್ಟ್ರು ಆಗಲಿಕ್ಕಾ? ನೀವು ಹೇಳಿದರೆ ಕೇಳುತ್ತಾನೆ, ಸ್ವಲ್ಪ ಬುದ್ಧಿ ಹೇಳಿ’ ಎಂದ.

ಹುಡುಗ ಒಂದು ಭಾನುವಾರ ಮನೆಗೆ ಬಂದ. ಎರಡು ಗಂಟೆ ಮಾತಾಡಿದೆವು. ಕಷ್ಟಗಳನ್ನೆಲ್ಲ ಒಂದೂ ಬಿಡದೆ ಹೇಳಿದೆ. ಪದವಿಯ ಮೇಲೆ ಎರಡು ವರ್ಷದ ಬಿ.ಪಿ.ಎಡ್., ಆಮೇಲೆ ಎರಡು ವರ್ಷದ ಎಂ.ಪಿ.ಎಡ್., ಕಾಲೇಜಿನ ಹುದ್ದೆ ಬೇಕಾದರೆ ಅದರ ಮೇಲೆ ನೆಟ್ ಪರೀಕ್ಷೆಯೋ ಪಿಎಚ್.ಡಿ.ಯೋ. ನಿಯಮದ ಪ್ರಕಾರ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ಸಹಾಯಕ ಪ್ರಾಧ್ಯಾಪಕರ ದರ್ಜೆಯದು. ಆದರೆ ಅನುದಾನವಿಲ್ಲದ ಕಡೆ ಸಂಬಳ ಕಡಿಮೆ, ಕೆಲಸ ಹೆಚ್ಚು. ಸರಕಾರಿ ಶಾಲೆಗಳಲ್ಲಿ ಹುದ್ದೆಗಳು ಖಾಲಿ ಬಿದ್ದಿರುವುದೂ ನಿಜ, ಅವನ್ನು ತುಂಬಲು ವರ್ಷಗಳು ಹಿಡಿಯುವುದೂ ನಿಜ. ಮದುವೆಯ ಮಾತುಕತೆಯಲ್ಲಿ ‘ಹುಡುಗ ಏನು ಮಾಡುತ್ತಾನೆ?’ ಎಂಬ ಪ್ರಶ್ನೆಗೆ ಬರುವ ಮೌನವನ್ನೂ ಹೇಳಿದೆ. ಆತ ನಕ್ಕ.

ಕೊನೆಗೆ ಕೇಳಿದೆ: ‘ನಿನಗೆ ಆಡಲು ಇಷ್ಟವೋ, ಆಡಿಸಲು ಇಷ್ಟವೋ?’ ಆತ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ‘ಆಡಲು. ಆದರೆ ಶನಿವಾರ ನಾವು ಕೆಲವರು ಸೇರಿ ಹತ್ತಿರದ ಶಾಲೆಯ ಮಕ್ಕಳಿಗೆ ಹೇಳಿಕೊಡುತ್ತೇವೆ ಸರ್. ಅಲ್ಲಿ ಇಬ್ಬರು ಮಕ್ಕಳು ಮೈದಾನದ ಅಂಚಿನಲ್ಲಿ ನಿಂತೇ ಇರುತ್ತಾರೆ, ಒಳಗೆ ಬರುವುದಿಲ್ಲ. ವಾರವೆಲ್ಲ ಅವರದೇ ಯೋಚನೆ.’ ಇನ್ನು ನಾನು ಯಾವ ಬುದ್ಧಿ ಹೇಳಲಿ?

ಇದನ್ನು ಓದುವ ಬಂಧುಗಳಲ್ಲಿ ತಂದೆತಾಯಂದಿರು ಬಹಳ ಮಂದಿ. ಅವರಿಗೂ ಒಂದು ಮಾತು. ನಮ್ಮ ಊರಿನಲ್ಲಿ ಈಗ ಸೌಕರ್ಯಗಳಿಗೆ ಮೊದಲಿನ ಕೊರತೆಯಿಲ್ಲ. ಅಜ್ಜರಕಾಡಿನ ಜಿಲ್ಲಾ ಕ್ರೀಡಾಂಗಣದಲ್ಲಿ ಸಿಂಥೆಟಿಕ್ ಓಟದ ಪಥವಿದೆ. ಮಣಿಪಾಲದಲ್ಲಿ ದೊಡ್ಡ ಒಳಾಂಗಣ ಕ್ರೀಡಾ ಸಂಕೀರ್ಣವಿದೆ. ಕಾರ್ಕಳದ ಹೆರ್ಮುಂಡೆಯಂಥ ಹಳ್ಳಿಯಿಂದ ಹೊರಟ ಮಮತಾ ಪೂಜಾರಿ ಭಾರತದ ಮಹಿಳಾ ಕಬಡ್ಡಿ ತಂಡದ ನಾಯಕಿಯಾಗಿ 2012ರ ವಿಶ್ವಕಪ್ ಗೆದ್ದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಅಂಥವರ ಫ್ಲೆಕ್ಸನ್ನು ನಾವು ಪೇಟೆಯ ತುಂಬ ಕಟ್ಟುತ್ತೇವೆ. ಆದರೆ ನಮ್ಮ ಮಗು ಆಡಿಸುವವನಾಗುತ್ತೇನೆಂದರೆ ಬೆಚ್ಚುತ್ತೇವೆ. ಕಟ್ಟಡವನ್ನು ದುಡ್ಡಿನಿಂದ ಕಟ್ಟಬಹುದು. ಅಂಚಿನಲ್ಲಿ ನಿಂತ ಮಗುವನ್ನು ಒಳಗೆ ಕರೆಯಲು ಒಬ್ಬ ಮನುಷ್ಯನೇ ಬೇಕು. ಆ ಮನುಷ್ಯ ಯಾರದೋ ಮನೆಯ ಮಗನೋ ಮಗಳೋ ಆಗಿರಲೇಬೇಕಲ್ಲ?

ಎಲ್ಲರೂ ಎಂ.ಪಿ. ಗಣೇಶರಂತೆ ದೇಶದ ಮಟ್ಟಕ್ಕೆ ಹೋಗುವುದಿಲ್ಲ. ಎಲ್ಲರಿಗೂ ಪದ್ಮಶ್ರೀ ಬರುವುದಿಲ್ಲ. ನಮ್ಮ ಪಿ.ಟಿ. ಮಾಸ್ಟ್ರಿಗೆ ಬಂದದ್ದು ನಿವೃತ್ತಿಯ ದಿನದ ಒಂದು ಶಾಲು, ಒಂದು ಗಂಧದ ಹಾರ. ಕೆಲಸ ಮಾತ್ರ ಒಂದೇ ಜಾತಿಯದು.

ಇನ್ನು ಬೆಂಗಳೂರಿನಲ್ಲಿರುವ ನನ್ನ ಶಿಷ್ಯನಿಗೆ. ನಾನು ಬರೆದದ್ದನ್ನೆಲ್ಲ ನೀನು ತಪ್ಪದೆ ಓದುತ್ತೀಯೆಂದು ಗೊತ್ತು; ಫೋನಿನಲ್ಲಿ ಕೊಡದ ಉತ್ತರ ಇದು. ಆ ನೋಟು ಪುಸ್ತಕಗಳಲ್ಲಿ ಒಂದನ್ನು ಅವರ ಮನೆಯವರು ನನಗೆ ಕೊಟ್ಟಿದ್ದಾರೆ. ಮೊನ್ನೆ ತೆರೆದು ನೋಡಿದೆ. ನೀನು ಒಂಬತ್ತನೆಯ ತರಗತಿಯಲ್ಲಿದ್ದ ವರ್ಷದ ಪಟ್ಟಿಯಲ್ಲಿ ಏಳನೆಯ ಹೆಸರು ನಿನ್ನದು. ಎದುರಿಗೆ ಬರೆದಿದೆ: ‘ಓಡಲಾರ. ಲೆಕ್ಕದಲ್ಲಿ ಚುರುಕು. ಅಂಕ ಬರೆಯಲಿ. ಕಾರ್ಕಳಕ್ಕೆ ಕರೆದುಕೊಂಡು ಹೋಗುವುದು.’ ಆ ಪಂದ್ಯಕ್ಕೆ ನೀನು ತಂಡದ ವ್ಯಾನಿನಲ್ಲಿ ಮುಂದಿನ ಸೀಟಿನಲ್ಲಿ ಕುಳಿತು ಹೋಗಿದ್ದೆ ಮಾರಾಯ.

ಮಗನಿಗೆ ಅನುಮತಿ ಕೊಡು.